ಒಲೆ ಇದ್ದ ಜಾಗ

ದೊಡ್ಡಪ್ಪನ ರಾಗಿಹುಲ್ಲಿನ ಮೆದೆಗೆ ಬೆಂಕಿ ಬಿದ್ದಾಗ ನನಗೆ ಹದಿಮೂರು ವರ್ಷ. ಶಿವರಾತ್ರಿ ಕಳೆದು ನಾಲ್ಕೈದು ದಿನವಾಗಿತ್ತು. ಊಟ ಮುಗಿಸಿ ಜಗುಲಿಯಲ್ಲಿ ಕೂತಿದ್ದ ನಮಗೆ ಮೊದಲು ಕಂಡದ್ದು ಬೆಂಕಿಯಲ್ಲ, ಹಿತ್ತಿಲ ತೆಂಗಿನ ಗರಿಗಳ ಅಡಿ ಕೆಂಪಗಾದದ್ದು. ಓಡಿಹೋಗುವಷ್ಟರಲ್ಲಿ ಮೆದೆಯ ಒಂದು ಮಗ್ಗುಲು ಪೂರ್ತಿ ಹತ್ತಿಕೊಂಡಿತ್ತು. ಊರಿನವರೆಲ್ಲ ಕೊಡ ಹಿಡಿದು ಬಂದರು. ಒತ್ತಾಗಿ ಒಟ್ಟಿದ ಹುಲ್ಲಿಗೆ ಮೇಲಿನಿಂದ ಎಷ್ಟು ನೀರು ಸುರಿದರೂ ಒಳಕ್ಕೆ ಇಳಿಯುವುದಿಲ್ಲ. ಗಂಡಸರು ಕೊಕ್ಕೆ ಹಾಕಿ ಕಂತೆ ಕಂತೆಯಾಗಿ ಎಳೆದು ಬಯಲಲ್ಲಿ ಹರಡಿದರು. ಮೂರನೆಯ ದಿನವೂ ಬೂದಿ ಕೆದಕಿದರೆ ಒಳಗೆ ಕೆಂಡವಿತ್ತು. ಎರಡು ಹಸು, ಒಂದು ಜೊತೆ ಎತ್ತು ಮಳೆಗಾಲದವರೆಗೆ ತಿನ್ನಬೇಕಿದ್ದ ಮೇವು ಅದು.

ದೂರು ಬರೆದುಕೊಂಡವರು ದೊಡ್ಡಪ್ಪನನ್ನು ಮೂರೇ ಪ್ರಶ್ನೆ ಕೇಳಿದರು. "ಯಾರ ಮೇಲಾದ್ರೂ ಅನುಮಾನ ಇದ್ಯಾ ಯಜಮಾನ್ರೇ?" "ಮೆದೆ ಮನೆಗೆ ಎಷ್ಟು ದೂರ?" "ಎಷ್ಟು ಲಾಸಾಯ್ತು?" ಮೂರನೆಯದಕ್ಕೆ ದೊಡ್ಡಪ್ಪನಿಗೆ ಗಂಟಲು ಕಟ್ಟಿತು. "ಎಷ್ಟೂಂತ ಹೇಳ್ಲಿ ಸ್ವಾಮಿ" ಅಂದರು. "ಹತ್ತು ರೂಪಾಯಿಗಿಂತ ಜಾಸ್ತಿ ತಾನೆ? ಸಾಕು ಬಿಡಿ" ಅಂದರು ಅವರು. ಅದನ್ನು ನಾವು ಅವಮಾನವೆಂದೇ ತಿಳಿದೆವು. ದೊಡ್ಡಪ್ಪ ಅದನ್ನು ಸಾಯುವವರೆಗೂ ಮರೆಯಲಿಲ್ಲ.

ಕಾನೂನು ಓದಲು ಹೋದ ಮೇಲೆ ಗೊತ್ತಾಯಿತು, ಆ ಹತ್ತು ರೂಪಾಯಿ ದೂರು ಬರೆದುಕೊಂಡವರ ಮಾತಾಗಿರಲಿಲ್ಲ, ಪುಸ್ತಕದ್ದು. 1860ರ ಭಾರತ ದಂಡ ಸಂಹಿತೆಯ ಕಲಂ 435ರ ಪ್ರಕಾರ ಬೆಂಕಿಯಿಂದ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶವಿದ್ದರೆ ಏಳು ವರ್ಷದವರೆಗೆ ಸಜೆ. ಸುಟ್ಟದ್ದು ಬೆಳೆಯಾದರೆ ನೂರು ಬೇಕಿರಲಿಲ್ಲ, ಹತ್ತೇ ಸಾಕಿತ್ತು. ಅಂದರೆ ರೈತನ ಕಣಕ್ಕೆ ಕಾನೂನು ಹತ್ತು ಪಟ್ಟು ಹೆಚ್ಚು ಕಾವಲು ಕೊಟ್ಟಿತ್ತು. ಆದರೆ ರೂಪಾಯಿಯ ಬೆಲೆ ಇಳಿಯುತ್ತಾ ಹೋಯಿತು, ಪುಸ್ತಕದ ಅಂಕಿ ಅಲ್ಲೇ ಉಳಿಯಿತು, ಕೊನೆಗೆ ಆ ಕಾವಲಿನ ಮಾತೇ ಸಂತ್ರಸ್ತನ ಕಿವಿಗೆ ಲೇವಡಿಯಂತೆ ಕೇಳಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 326ರಲ್ಲಿ ಈ ಎರಡೂ ಅಂಕಿಗಳಿಲ್ಲ. ಬೆಳೆಯೂ ಸೇರಿದಂತೆ ಯಾವುದೇ ಸ್ವತ್ತು ಎಂದಷ್ಟೇ ಇದೆ. ಒಳ್ಳೆಯದೇ ಆಯಿತು.

ಉಳಿದ ಎರಡು ಪ್ರಶ್ನೆಗಳು ಮಾತ್ರ ಹಾಗೇ ಇವೆ. ಅನುಮಾನ ಯಾರ ಮೇಲೆ ಎಂಬುದರ ಹಿಂದೆ ಇರುವುದು ಮನಸ್ಸಿನ ಪ್ರಶ್ನೆ. ಮನೆಗೆ ಎಷ್ಟು ದೂರ ಎಂಬುದರ ಹಿಂದೆ ಇರುವುದು, ಮನೆ ಎಂದರೆ ಯಾವುದು ಎಂಬ ಪ್ರಶ್ನೆ. ಬೆಂಕಿ ಹಚ್ಚುವ ಅಪರಾಧದ ಕಾನೂನೆಲ್ಲ ಈ ಎರಡರ ಮೇಲೆ ನಿಂತಿದೆ.

ವಕೀಲರು ಇದನ್ನು 'ಆರ್ಸನ್' ಎನ್ನುತ್ತಾರೆ. ಆದರೆ ನಮ್ಮ ಸಂಹಿತೆಗಳು ಆ ಹೆಸರಿನ ಅಪರಾಧವನ್ನು ಎಲ್ಲೂ ಪ್ರತ್ಯೇಕವಾಗಿ ಹೇಳಿಲ್ಲ. ಅಲ್ಲಿರುವ ಮಾತು 'ಮಿಸ್ಚೀಫ್', ಅಂದರೆ ಕೇಡು ಮಾಡುವುದು. ಸಾರ್ವಜನಿಕರಿಗೆ ಅಥವಾ ಯಾರಿಗಾದರೂ ನಷ್ಟವಾಗಲಿ ಎಂಬ ಉದ್ದೇಶದಿಂದ, ಇಲ್ಲವೇ ಆಗುವ ಸಂಭವವಿದೆ ಎಂದು ತಿಳಿದೂ, ಒಂದು ಸ್ವತ್ತನ್ನು ನಾಶ ಮಾಡುವುದು ಅಥವಾ ಅದರ ಬೆಲೆಯೋ ಉಪಯೋಗವೋ ಕುಗ್ಗುವಂತೆ ಮಾಡುವುದು ಕೇಡು. ಹೊಸ ಸಂಹಿತೆಯಲ್ಲಿ ಇದು ಕಲಂ 324. ಇದರ ದೃಷ್ಟಾಂತಗಳಲ್ಲಿ ಬೇರೊಬ್ಬನ ಐಸ್ ಹೌಸ್‌ಗೆ ನೀರು ಬಿಟ್ಟು ಮಂಜುಗಡ್ಡೆ ಕರಗಿಸಿದವನೂ ಒಬ್ಬ. ಅಮೆರಿಕದಿಂದ ಹಡಗಿನಲ್ಲಿ ಮಂಜುಗಡ್ಡೆ ತಂದು ಕಲ್ಕತ್ತ, ಮದ್ರಾಸುಗಳಲ್ಲಿ ಕೂಡಿಡುತ್ತಿದ್ದ ಕಾಲದ ನೆನಪು ಅದು. ನೀರಿನಿಂದ ಮಾಡಿದರೂ ಕೇಡೇ, ಬೆಂಕಿಯಿಂದ ಮಾಡಿದರೂ ಕೇಡೇ. ಆದರೆ ಬೆಂಕಿ ಹಚ್ಚಿದವನ ಕೈಯಲ್ಲಿ ಉಳಿಯುವುದಿಲ್ಲ, ಅವನು ಗುರಿ ಇಟ್ಟದ್ದಕ್ಕಷ್ಟೇ ತಗಲುವುದೂ ಇಲ್ಲ. ಅದಕ್ಕೇ ಶಿಕ್ಷೆ ಒಮ್ಮೆಲೇ ಏರುತ್ತದೆ. ಇದೆಲ್ಲ ಸ್ವತ್ತಿನ ಮಾತು. ಮನುಷ್ಯರ ಮೈಗೇ ಬೆಂಕಿ ಇಟ್ಟು 'ಸ್ಟವ್ ಸಿಡಿಯಿತು' ಎನ್ನುವುದು ಈ ಕಲಮಿಗೆ ಸೇರುವುದಿಲ್ಲ. ಅದು ಕೊಲೆ.

ಮನಸ್ಸಿನ ಪ್ರಶ್ನೆಯನ್ನು ಕಬ್ಬಿನ ಗದ್ದೆಯಲ್ಲಿಟ್ಟು ನೋಡಿದರೆ ಸುಲಭವಾಗಿ ತಿಳಿಯುತ್ತದೆ. ಮಂಡ್ಯದ ಕಡೆ ಕಟಾವಾದ ಮೇಲೆ ತರಗಿಗೆ ಬೆಂಕಿ ಕೊಡುವುದುಂಟು. ಒಬ್ಬ ರೈತ ಗಾಳಿ ಇಲ್ಲದ ಸಂಜೆ ನೋಡಿಕೊಂಡು, ಬದುವಿನ ಸುತ್ತ ತರಗು ಎಳೆದು ಬರಿನೆಲ ಮಾಡಿ, ನೀರು ಹತ್ತಿರ ಇಟ್ಟುಕೊಂಡು ಹಚ್ಚುತ್ತಾನೆ. ಎಲ್ಲಿಂದಲೋ ಸುಳಿಗಾಳಿ ಎದ್ದು ಪಕ್ಕದ ಗದ್ದೆಗೆ ಕಿಡಿ ಹಾರಿದರೆ ಅದು ಆಕಸ್ಮಿಕ, ಅವನು ಅಪರಾಧಿಯಲ್ಲ. ಇನ್ನೊಬ್ಬ ಹಚ್ಚಿ, ನೋಡಿಕೊಳ್ಳುವವರನ್ನು ಯಾರನ್ನೂ ಬಿಡದೆ ಸರ್ಕಲ್ಲಿಗೆ ಟೀ ಕುಡಿಯಲು ಹೋಗುತ್ತಾನೆ. ಅದು ನಿರ್ಲಕ್ಷ್ಯ. ಕಲಂ 287ರ ಪ್ರಕಾರ ಆರು ತಿಂಗಳವರೆಗೆ ಸಜೆ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂರನೆಯವನಿಗೂ ಪಕ್ಕದವನಿಗೂ ಬದುವಿನ ವ್ಯಾಜ್ಯ. ಗಾಳಿ ನೇರವಾಗಿ ಪಕ್ಕದವನ ಬೆಳೆದು ನಿಂತ ಕಬ್ಬಿನತ್ತ ಬೀಸುತ್ತಿರುವ ನಡುಮಧ್ಯಾಹ್ನ ಅವನು ಕಡ್ಡಿ ಗೀರುತ್ತಾನೆ. ನನ್ನ ಗದ್ದೆಯ ತರಗನ್ನಷ್ಟೇ ನಾನು ಸುಟ್ಟದ್ದು ಎಂಬ ಅವನ ಮಾತು ನಿಲ್ಲುವುದಿಲ್ಲ. ಆಗುವ ಸಂಭವವಿದೆ ಎಂದು ತಿಳಿದಿದ್ದರೆ ಸಾಕು, ಆಗಲಿ ಎಂದು ಬಯಸಿರಬೇಕಾಗಿಲ್ಲ. ಅವನಿಗೆ ಕಾದಿರುವುದು ಏಳು ವರ್ಷದವರೆಗಿನ ಸಜೆ. ಮೂವರ ಕೈಯಲ್ಲೂ ಇದ್ದದ್ದು ಅದೇ ಬೆಂಕಿಕಡ್ಡಿ.

ಈ ಮೆಟ್ಟಿಲುಗಳು ಇಂಗ್ಲಿಷರು ತಂದವಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ತಾಳೆಗರಿಯ ಒಂದು ಕಟ್ಟು ಸಿಕ್ಕಿತು. ಅದು ಕೌಟಿಲ್ಯನ ಅರ್ಥಶಾಸ್ತ್ರ. ನಗರಾಡಳಿತದ ಅಧ್ಯಾಯದಲ್ಲಿ ಬೆಂಕಿಯ ಮಾತು ವಿವರವಾಗಿದೆ. ಬೇಸಗೆಯ ಹಗಲಲ್ಲಿ ಮನೆಯೊಳಗೆ ಒಲೆ ಉರಿಸಬಾರದು. ನೀರಿನ ಪಾತ್ರೆಗಳು, ಏಣಿ, ಕೊಡಲಿ, ಮೊರ, ಕೊಕ್ಕೆ ಮನೆಯಲ್ಲಿ ಇಟ್ಟಿರಲೇಬೇಕು. ಎಲ್ಲೋ ಬೆಂಕಿ ಬಿದ್ದಾಗ ನಂದಿಸಲು ಓಡಿಬಾರದ ಮನೆಯೊಡೆಯನಿಗೆ ಹನ್ನೆರಡು ಪಣ ದಂಡ, ಬಾಡಿಗೆಗಿರುವವನಿಗೆ ಆರು. ಅಜಾಗರೂಕತೆಯಿಂದ ಬೆಂಕಿ ಬಿದ್ದರೆ ಐವತ್ತನಾಲ್ಕು ಪಣ. ಬೇಕೆಂದೇ ಹಚ್ಚಿದವನಿಗೆ ಬೆಂಕಿಯಲ್ಲೇ ಸಾವು. ಐವತ್ತನಾಲ್ಕು ಪಣಕ್ಕೂ ಚಿತೆಗೂ ನಡುವೆ ಇರುವುದು ಹಚ್ಚಿದವನ ಮನಸ್ಸೊಂದೇ. ಆ ಶಿಕ್ಷೆ ನನ್ನನ್ನು ಬೆಚ್ಚಿಬೀಳಿಸುತ್ತದೆ. ಆದರೆ ಓಡಿಬಾರದ ನೆರೆಯವನಿಗೂ ದಂಡ ಹಾಕಿದ ಆ ಲೆಕ್ಕಾಚಾರ ನನಗೆ ತುಂಬ ಹಿಡಿಸಿತು. ದೊಡ್ಡಪ್ಪನ ಮೆದೆ ಉರಿದ ರಾತ್ರಿ ಕೊಕ್ಕೆ ಹಿಡಿದು ಬಂದವರಲ್ಲಿ ಅವರ ಜೊತೆ ಮಾತು ಬಿಟ್ಟವರೂ ಇದ್ದರು.

ಮಾಡಿದ್ದಕ್ಕೆ ಶಿಕ್ಷೆ ಸರಿ, ಮಾಡದೆ ಬಿಟ್ಟದ್ದಕ್ಕೆ? ಇಂಗ್ಲೆಂಡಿನಲ್ಲಿ 1983ರಲ್ಲಿ ತೀರ್ಮಾನವಾದ ಮಿಲ್ಲರ್ ಪ್ರಕರಣದಲ್ಲಿ ಈ ಪ್ರಶ್ನೆ ಎದ್ದಿತು. ಯಾರದೋ ಖಾಲಿ ಮನೆಯಲ್ಲಿ ಉಳಿದುಕೊಂಡಿದ್ದ ಒಬ್ಬ, ಸಿಗರೇಟು ಸೇದುತ್ತಾ ಹಾಸಿಗೆಯಲ್ಲೇ ನಿದ್ದೆ ಹೋದ. ಎಚ್ಚರವಾದಾಗ ಹಾಸಿಗೆ ಹೊಗೆಯಾಡುತ್ತಿತ್ತು. ಎದ್ದು ಪಕ್ಕದ ಕೋಣೆಗೆ ಹೋಗಿ ಮತ್ತೆ ಮಲಗಿದ. ಮನೆಗೆ ಬೆಂಕಿ ಹಬ್ಬಿತು. ನಿದ್ದೆಯಲ್ಲಿ ಬಿದ್ದ ಸಿಗರೇಟು ಅಪರಾಧವಲ್ಲ. ಆದರೆ ಆ ಅಪಾಯವನ್ನು ಹುಟ್ಟುಹಾಕಿದವನು ತಾನೇ ಎಂದು ಗೊತ್ತಾದ ಮೇಲೂ ಏನೂ ಮಾಡದೆ ಎದ್ದುಹೋದದ್ದು ಅಪರಾಧ ಎಂದು ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಇಪ್ಪತ್ತು ವರ್ಷದ ಬಳಿಕ, 2003ರಲ್ಲಿ, ಅದೇ ನ್ಯಾಯಾಲಯದ ಮುಂದೆ ಹನ್ನೊಂದು, ಹನ್ನೆರಡು ವರ್ಷದ ಇಬ್ಬರು ಹುಡುಗರ ಪ್ರಕರಣ ಬಂತು. ಅಂಗಡಿಯೊಂದರ ಹಿಂದೆ ಹಳೆ ಪೇಪರು ಹೊತ್ತಿಸಿ, ಕಸದ ಡಬ್ಬಿಯ ಕೆಳಗೆ ಎಸೆದು ಹೋಗಿದ್ದರು. ಪೇಪರು ಸಿಮೆಂಟು ನೆಲದ ಮೇಲೆ ತಾನೇ ಆರಿಹೋಗುತ್ತದೆ ಎಂದುಕೊಂಡಿದ್ದರು. ಅಂಗಡಿಗೆ ಸುಮಾರು ಹತ್ತು ಲಕ್ಷ ಪೌಂಡ್ ನಷ್ಟವಾಯಿತು. ದೊಡ್ಡವನೊಬ್ಬನಿಗೆ ಹೊಳೆಯಬೇಕಾದದ್ದು ಮಕ್ಕಳಿಗೂ ಹೊಳೆಯಬೇಕಿತ್ತು ಎಂಬ ಹಳೆಯ ಅಳತೆಗೋಲನ್ನು ನ್ಯಾಯಾಲಯ ಕೈಬಿಟ್ಟಿತು. ಅವರ ತಲೆಯಲ್ಲಿ ನಿಜವಾಗಿ ಏನಿತ್ತು ಎಂದೇ ನೋಡಬೇಕು ಎಂದಿತು. ನಷ್ಟ ಎಷ್ಟು ದೊಡ್ಡದಾದರೂ ಮನಸ್ಸಿನ ಲೆಕ್ಕ ಬೇರೆಯೇ.

ಇನ್ನು ಎರಡನೆಯ ಪ್ರಶ್ನೆ. ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಕಲಂ 326ರ ಕೊನೆಯ ಉಪಖಂಡ, ಹಳೆಯ ಸಂಹಿತೆಯಲ್ಲಿ ಕಲಂ 436, ಹೇಳುವುದು ಇಷ್ಟು: ಸಾಮಾನ್ಯವಾಗಿ ಪೂಜಾಸ್ಥಳವಾಗಿ, ಮನುಷ್ಯರ ವಾಸಕ್ಕಾಗಿ ಅಥವಾ ಸ್ವತ್ತು ಇಡುವುದಕ್ಕಾಗಿ ಬಳಸುವ ಕಟ್ಟಡವನ್ನು ನಾಶ ಮಾಡುವ ಉದ್ದೇಶದಿಂದ ಅಥವಾ ನಾಶವಾದೀತೆಂದು ತಿಳಿದು ಬೆಂಕಿಯಿಂದ ಕೇಡು ಮಾಡಿದವನಿಗೆ ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗೆ ಸಜೆ ಮತ್ತು ದಂಡ. ಇಡೀ ಕಟ್ಟಡ ಬೂದಿಯಾಗಿರಬೇಕಿಲ್ಲ. ಸೂರಿನ ಒಂದು ಮೂಲೆ ಸುಟ್ಟು ಅಷ್ಟರಲ್ಲಿ ಜನ ನಂದಿಸಿದರೂ, ನಾಶದ ಉದ್ದೇಶ ರುಜುವಾದರೆ ಅಪರಾಧ ಪೂರ್ಣವಾದಂತೆಯೇ. 'ಸಾಮಾನ್ಯವಾಗಿ' ಎಂಬ ಮಾತೂ ಮುಖ್ಯ. ಮನೆಮಂದಿಯೆಲ್ಲ ಬೀಗ ಹಾಕಿಕೊಂಡು ಜಾತ್ರೆಗೆ ಹೋದ ರಾತ್ರಿಯೂ ಅದು ವಾಸದ ಮನೆಯೇ.

ಇಡೀ ಉಪಖಂಡ ಓದಿದರೂ 'ಬೇರೊಬ್ಬನ' ಎಂಬ ಪದ ಸಿಗುವುದಿಲ್ಲ. ಕಾನೂನು ನೋಡುವುದು ಬಳಕೆಯನ್ನು, ಖಾತೆಯನ್ನಲ್ಲ. ತನ್ನದೇ ಸ್ವತ್ತಿನ ಮೇಲೂ ಕೇಡು ನಡೆಸಬಹುದು ಎಂದು ಸಂಹಿತೆಯ ವಿವರಣೆ ಬಿಡಿಸಿ ಹೇಳುತ್ತದೆ. ವಿಮೆ ಮಾಡಿಸಿದ ಸ್ವಂತ ಹಡಗನ್ನು ವಿಮೆಗಾರರಿಗೆ ನಷ್ಟವಾಗಲೆಂದು ಹಾಳುಗೆಡವಿದವನ ದೃಷ್ಟಾಂತವೂ ಅಲ್ಲಿದೆ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಬೇರೊಬ್ಬನ ಮನೆಯೇ ಆಗಿರಬೇಕಿತ್ತು. ಅಲ್ಲೂ 'ಬೇರೊಬ್ಬನ' ಎಂದರೆ ಅವನು ವಾಸವಿದ್ದದ್ದು ಎಂದೇ ಅರ್ಥ. ಬಾಡಿಗೆದಾರ ಒಳಗಿರುವ ಮನೆಗೆ ಮಾಲೀಕನೇ ಬೆಂಕಿ ಇಟ್ಟರೆ ಮಾಲೀಕ ಅಪರಾಧಿ. ಬಾಡಿಗೆದಾರ ತಾನಿರುವ ಮನೆಯನ್ನೇ ಸುಟ್ಟರೆ ಆ ಅಪರಾಧ ಆಗುತ್ತಿರಲಿಲ್ಲ. ನಮ್ಮ ಸಂಹಿತೆ ಆ ಎರಡನೆಯ ಬಾಗಿಲನ್ನೂ ಮುಚ್ಚಿತು.

ಹಾಗಾಗಿ ಗೋಮಾಳದಲ್ಲಿ ಹಕ್ಕುಪತ್ರವಿಲ್ಲದೆ ಕಟ್ಟಿಕೊಂಡ ಸೋಗೆ ಮಾಡಿನ ಗುಡಿಸಲೂ ಈ ಕಲಮಿನ ಕಣ್ಣಿಗೆ ಮನೆ. ತಹಶೀಲ್ದಾರರ ಕಚೇರಿಯಲ್ಲಿ ಅದು ಒತ್ತುವರಿ ಆಗಿರಬಹುದು. ಬೆಂಕಿ ಇಟ್ಟವನಿಗೆ ಅದು ನೆಪವಾಗುವುದಿಲ್ಲ.

ಅರಗಿನ ಮನೆಯ ಕತೆಯನ್ನು ನಾವೆಲ್ಲ ಪಾಂಡವರ ಕಡೆಯಿಂದಲೇ ಕೇಳುತ್ತಾ ಬೆಳೆದವರು. ಕಾನೂನು ಓದಿದ ಮೇಲೆ ನನಗೆ ಆ ಮನೆ ಬೇರೆ ಥರ ಕಾಣತೊಡಗಿತು. ಕಟ್ಟಿಸಿದವರು ಕೌರವರು, ವಾಸವಿದ್ದವರು ಪಾಂಡವರು. ಕೊಲ್ಲುವ ಸಿದ್ಧತೆ ಪುರೋಚನನದು. ಬೆಂಕಿ ಇಟ್ಟವನು ಭೀಮ. ಸತ್ತವರಲ್ಲಿ ಪುರೋಚನನ ಜೊತೆಗೆ ಆ ರಾತ್ರಿ ಊಟಕ್ಕೆ ಬಂದು ಅಲ್ಲೇ ಮಲಗಿದ ಒಬ್ಬ ನಿಷಾದ ಹೆಂಗಸು ಮತ್ತು ಅವಳ ಐವರು ಗಂಡುಮಕ್ಕಳು. ಆ ಆರು ಹೆಣಗಳನ್ನು ನೋಡಿಯೇ ಊರು ಪಾಂಡವರು ಸತ್ತರೆಂದು ನಂಬಿತು. ಪುರೋಚನನ ಮಟ್ಟಿಗೆ ಭೀಮನ ಪರ ವಾದಿಸಬಹುದು. ಮನೆಗೆ ಬೆಂಕಿ ಇಡುವವನನ್ನು ಆತತಾಯಿಗಳ, ಅಂದರೆ ಕೊಂದರೂ ದೋಷವಿಲ್ಲದ ದುಷ್ಟರ, ಸಾಲಿನಲ್ಲಿ ಮೊದಲಿಟ್ಟ ಧರ್ಮಶಾಸ್ತ್ರವಿದೆ. ಇಂದಿನ ಕಲಂ 41 ಕೂಡ, ವಾಸದ ಜಾಗಕ್ಕೆ ಬೆಂಕಿ ಹಚ್ಚಲು ಬಂದವನನ್ನು ತಡೆಯುವಾಗ, ಬೇರೆ ದಾರಿ ಇಲ್ಲದಿದ್ದರೆ, ಅವನ ಜೀವ ಹೋದರೂ ಆತ್ಮರಕ್ಷಣೆಯ ಹಕ್ಕಿನೊಳಗೇ ಎನ್ನುತ್ತದೆ. ಆದರೆ ಆ ತಾಯಿ ಮಕ್ಕಳ ಪರವಾಗಿ ಯಾರೂ ದೂರು ಕೊಡಲಿಲ್ಲ. ಅವರ ಹೆಸರು ಕೂಡ ನಮಗೆ ಗೊತ್ತಿಲ್ಲ.

ಕಲಂ 41ರಲ್ಲಿ ಒಂದು ಪದವಿದೆ, ಅದು 326ರ ಮನೆಯ ಉಪಖಂಡದಲ್ಲಿಲ್ಲ. 41 ಹೇಳುವುದು 'ಕಟ್ಟಡ, ಟೆಂಟ್ ಅಥವಾ ಹಡಗು' ಎಂದು. 326 ಹೇಳುವುದು 'ಕಟ್ಟಡ' ಎಂದಷ್ಟೇ. ಅಂದರೆ ಟೆಂಟಿನಲ್ಲಿ ವಾಸಿಸುವವನು ಅದನ್ನು ಕಾಪಾಡಿಕೊಳ್ಳಲು ಹೋರಾಡುವಾಗ ಕಾನೂನು ಅದನ್ನು ಮನೆಯೆಂದು ಒಪ್ಪುತ್ತದೆ. ಅದು ಸುಟ್ಟುಹೋದ ಮೇಲೆ, ಪದದ ನೇರ ಅರ್ಥ ಹಿಡಿದರೆ, ಮನೆಯ ಲೆಕ್ಕದಿಂದ ಅದು ಜಾರಿ ಬರಿಯ ಸ್ವತ್ತಾಗುತ್ತದೆ. ಜೀವಾವಧಿ ಇದ್ದ ಕಡೆ ಏಳು ವರ್ಷ. ಕಬ್ಬು ಕಡಿಯಲು ಊರೂರು ತಿರುಗುವ ಗ್ಯಾಂಗಿನವರು, ಅಲೆಮಾರಿಗಳು, ರಸ್ತೆ ಕೆಲಸದ ಕೂಲಿಗಳು ತಾಡಪಾಲು ಹೊದಿಸಿ ಆರಾರು ತಿಂಗಳು ಸಂಸಾರ ಮಾಡುತ್ತಾರೆ. ಹಳೆಯ ಸಂಹಿತೆಯನ್ನು ಅಷ್ಟೊಂದು ತಿದ್ದಿ ಹೊಸದು ಮಾಡುವಾಗ ಈ ಒಂದು ಪದವನ್ನು ಸೇರಿಸಬಹುದಿತ್ತು. ಸೇರಿಸಬೇಕಿತ್ತು.

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರಲ್ಲಿ ಬಂತು. ಪರಿಶಿಷ್ಟರು ವಾಸಕ್ಕೆ ಬಳಸುವ ಕಟ್ಟಡಕ್ಕೆ ಹೊರಗಿನವರು ಬೆಂಕಿ ಇಟ್ಟರೆ ಅಲ್ಲಿ ಹತ್ತು ವರ್ಷದ ಆಯ್ಕೆ ಇಲ್ಲ, ಜೀವಾವಧಿ ಮಾತ್ರ. ಆ ಕಾಯ್ದೆ ಪುಸ್ತಕದಲ್ಲಿದ್ದಾಗಲೇ, 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಮನೆಯೊಳಗೇ ಸುಟ್ಟುಹೋದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಕಲಮಿನ ಅಂಶಗಳೆಲ್ಲ ಸರಿಯಾಗಿ ಕೂಡಿದ್ದರೂ, ಕಟಕಟೆಯಲ್ಲಿ ನಿಂತು 'ನಾನು ಕಂಡೆ' ಎನ್ನುವವರು ಬೇಕು.

ಅದೇ 2014ರ ಆಗಸ್ಟ್ 28ರಂದು ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ವಿಚಾರಣೆ ನಡೆದು, 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಪ್ರಕರಣ ಮೇಲ್ಮನವಿಗೆ ಹೋಗಿ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನೂ ಸಿಕ್ಕಿದೆ. ಒಂದು ಗುಡಿಸಲಿಗೆ ಕಡ್ಡಿ ಗೀರುವುದು ಒಬ್ಬನ ಕೈ, ತೊಂಬತ್ತೆಂಟು ಜನಕ್ಕೆ ಶಿಕ್ಷೆ ಹೇಗೆ ಎಂದು ಆಗ ಹಲವರು ಕೇಳಿದರು. ಗುಂಪಿನ ಅಪರಾಧಕ್ಕೆ ಅಕ್ರಮ ಕೂಟದ ನಿಯಮವಿದೆ. ಐದು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದೇ ಅಕ್ರಮ ಉದ್ದೇಶಕ್ಕೆ ಕೂಡಿದಾಗ, ಆ ಉದ್ದೇಶ ಸಾಧನೆಗಾಗಿ ಒಬ್ಬ ಮಾಡಿದ ಅಪರಾಧ ಕೂಟದ ಎಲ್ಲರದೂ ಆಗುತ್ತದೆ. ಬರಿದೇ ನೋಡುತ್ತಾ ನಿಂತವನು ಯಾರು, ಕೂಟದವನು ಯಾರು ಎಂದು ಬೇರ್ಪಡಿಸುವುದೇ ನ್ಯಾಯಾಧೀಶರ ಕಷ್ಟದ ಕೆಲಸ. ಅದಕ್ಕಾಗಿ ಒಬ್ಬನ ಹೇಳಿಕೆಗೆ ಜೋತುಬೀಳದೆ, ಹಲವು ಸಾಕ್ಷಿಗಳು ಒಂದೇ ರೀತಿ ಗುರುತಿಸಿದವರನ್ನು ಮಾತ್ರ ಹಿಡಿಯುವ ಎಚ್ಚರವನ್ನು ನ್ಯಾಯಾಲಯಗಳು ಬೆಳೆಸಿಕೊಂಡಿವೆ.

ಆ ಎಚ್ಚರ ಬೇಕೇಬೇಕು, ಯಾಕೆಂದರೆ ಬೆಂಕಿ ತನ್ನ ಸಾಕ್ಷಿಯನ್ನೂ ಸುಡುತ್ತದೆ. ಟೆಕ್ಸಾಸ್‌ನ ಕಾರ್ಸಿಕಾನಾದಲ್ಲಿ 1991ರ ಡಿಸೆಂಬರಿನಲ್ಲಿ ಒಂದು ಮನೆ ಹೊತ್ತಿ ಮೂರು ಹೆಣ್ಣುಮಕ್ಕಳು ಸತ್ತರು. ತಂದೆ ಕ್ಯಾಮರನ್ ಟಾಡ್ ವಿಲಿಂಗ್‌ಹ್ಯಾಮ್ ತಾನೇ ಹಚ್ಚಿದ್ದಾನೆ ಎಂದು ತನಿಖಾಧಿಕಾರಿಗಳು ಹೇಳಿದರು. ನೆಲದ ಮೇಲೆ ದ್ರವ ಸುರಿದಂಥ ಸುಟ್ಟ ಗುರುತುಗಳು, ಕಿಟಕಿಯ ಗಾಜಿನಲ್ಲಿ ಜೇಡರಬಲೆಯಂಥ ಬಿರುಕುಗಳು ಅವರಿಗೆ ಸಾಕ್ಷಿಯಾದವು. ಕೋಣೆಯೊಳಗಿನ ಕಾವು ಏರಿ ಎಲ್ಲ ಒಮ್ಮೆಗೇ ಧಗ್ಗೆಂದು ಹೊತ್ತಿಕೊಂಡಾಗಲೂ ನೆಲದಲ್ಲಿ ಅಂಥದೇ ಗುರುತು ಬೀಳುತ್ತದೆ, ಕಾದ ಗಾಜಿಗೆ ಅಗ್ನಿಶಾಮಕದವರ ನೀರು ತಾಗಿದರೂ ಅಂಥ ಬಿರುಕು ಬಿಡುತ್ತದೆ ಎಂದು ಬೆಂಕಿ ವಿಜ್ಞಾನಿಗಳು ತೋರಿಸಿಕೊಟ್ಟರು. 2004ರ ಫೆಬ್ರವರಿ 17ರಂದು ಅವನಿಗೆ ಮರಣದಂಡನೆಯಾಯಿತು. ಹಚ್ಚಿದ್ದು ಎಂಬುದೇ ರುಜುವಾಗದ ಬೆಂಕಿಗೆ ಒಬ್ಬ ಮನುಷ್ಯ ಸತ್ತ. ನಮ್ಮಲ್ಲೂ ಹಸಿ ಆರುವ ಮುನ್ನವೇ ಒಟ್ಟಿದ ಹುಲ್ಲಿನ ಬಣವೆ ಒಳಗೊಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳುವುದುಂಟು. ಬಣವೆ ಉರಿದ ಕೂಡಲೇ ಹಗೆಯ ಹೆಸರು ಬರೆಸುವ ಮುನ್ನ ಹುಲ್ಲು ಯಾವಾಗ ಒಟ್ಟಿದ್ದು, ಮಳೆ ಬಿದ್ದಿತ್ತೇ ಎಂದು ಕೇಳುವವರು ಬೇಕು.

ಧರ್ಮರಾಯ ಅರಗಿನ ಮನೆಯೊಳಗೆ ಕಾಲಿಟ್ಟೊಡನೆ ತುಪ್ಪ, ಅರಗು, ಕೊಬ್ಬಿನ ವಾಸನೆ ಹಿಡಿದನಂತೆ. ಇಂದು ಆ ಮೂಗಿನ ಕೆಲಸ ಪ್ರಯೋಗಾಲಯದ್ದು. ಆದರೆ ಪೆಟ್ರೋಲು, ಸೀಮೆಎಣ್ಣೆ ಬೇಗ ಆವಿಯಾಗುತ್ತವೆ. ಸುಟ್ಟ ಮಣ್ಣನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ಹೋಲಿಕೆಗೆಂದು ಸುಡದ ಜಾಗದ ಮಣ್ಣನ್ನೂ ಬೇರೆ ಡಬ್ಬಿಯಲ್ಲಿ ಹಾಕಿ ಕಳಿಸಬೇಕು. ಕಾಗದದಲ್ಲಿ ಪೊಟ್ಟಣ ಕಟ್ಟಿಟ್ಟು ಹದಿನೈದು ದಿನದ ಮೇಲೆ ಕಳಿಸಿದರೆ ಅಲ್ಲಿ ಸಿಗುವುದು ಮಣ್ಣು ಮಾತ್ರ.

ಗುಡಿಸಲು ಸುಟ್ಟ ಪ್ರಕರಣಗಳಲ್ಲಿ ಪ್ರಯೋಗಾಲಯಕ್ಕಿಂತ ಮೊದಲು ಬರುವುದು ಸ್ಥಳ ಮಹಜರು. ಪಂಚರ ಮುಂದೆ ಬರೆದ ಆ ಎರಡು ಹಾಳೆಯಲ್ಲಿ ಅಳತೆ, ದಿಕ್ಕು, ಬೂದಿ ಎಲ್ಲ ಇರುತ್ತವೆ. ನಾನು ಓದಿದ ಒಂದು ಮಹಜರಿನಲ್ಲಿ ಬರೆದವರು ಇನ್ನೂ ಸ್ವಲ್ಪ ಹೊತ್ತು ಅಲ್ಲಿ ನಿಂತಿದ್ದರು. ಅದು ವಾಸದ ಮನೆಯಲ್ಲ, ದನದ ಕೊಟ್ಟಿಗೆ ಎಂಬುದು ಆರೋಪಿಗಳ ವಾದ. ಕೊಟ್ಟಿಗೆಯೆಂದಾದರೆ ವಾಸದ ಮನೆಯ ಮಾತು ಅಲ್ಲಿಗೇ ಬಿತ್ತು. ಮಹಜರಿನ ಎರಡನೆಯ ಹಾಳೆಯ ಕೊನೆಗೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆದ ಸಾಲುಗಳಿದ್ದವು. ಈಶಾನ್ಯ ಮೂಲೆಯಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಹಿಂದಿನ ಮಣ್ಣಿನ ಗೋಡೆಯಲ್ಲಿ ಈ ಬೆಂಕಿಗಿಂತ ಹಳೆಯದಾದ ಹೊಗೆಯ ಮಸಿ, ಒಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ, ಪಾತ್ರೆಯೊಳಗೆ ಸೀದುಹೋದ ಅನ್ನ.